ಹಾಫ್-ಡ್ರಾಪ್ ರಿಪೀಟ್ ಕೂಡಿಸುವುದು: ಅಳತೆಯಿಂದ ಅಚ್ಚಿನ ಫೈಲಿನವರೆಗೆ

ಬಟ್ಟೆಯ ತುಂಬ ಮತ್ತೆ ಮತ್ತೆ ಬರುವ ವಿನ್ಯಾಸದ ತುಂಡೇ ರಿಪೀಟ್; ಪಕ್ಕದ ಕಂಬಸಾಲನ್ನು ಅರ್ಧ ಎತ್ತರ ಕೆಳಗಿಳಿಸಿ ಜೋಡಿಸಿದರೆ ಅದು ಹಾಫ್-ಡ್ರಾಪ್. ರಿಪೀಟ್ ಕೆಡುವುದಿದ್ದರೆ ಹೊಸ ಫೈಲ್ ತೆರೆಯುವ ಹೊತ್ತಿಗೇ ಕೆಟ್ಟಿರುತ್ತದೆ. ಹೂವನ್ನು ಎಷ್ಟೇ ಚೆನ್ನಾಗಿ ಬಿಡಿಸಿ, ಫೈಲಿನ ಎತ್ತರ ಯಂತ್ರದ ಸುತ್ತಳತೆಗೆ ಸರಿಯಾಗಿ ಭಾಗವಾಗದಿದ್ದರೆ, ಇಲ್ಲವೇ ಆ ಎತ್ತರವನ್ನು ಅರ್ಧ ಮಾಡಿದಾಗ ಪಿಕ್ಸೆಲ್ ಒಡೆದರೆ, ಥಾನಿನ ಉದ್ದಕ್ಕೂ ಕೂದಲೆಳೆಯಂಥ ಗೆರೆ ಬೀಳುತ್ತದೆ. ಅದನ್ನು ಆಮೇಲೆ ಬಣ್ಣ ತುಂಬಿ ಮುಚ್ಚುತ್ತಾ ಕೂರುವ ಬದಲು, ಶುರುವಿನಲ್ಲೇ ಲೆಕ್ಕ ಸರಿಮಾಡಿಕೊಂಡರೆ ಗೆರೆ ಹುಟ್ಟುವುದೇ ಇಲ್ಲ. ಹಾಗಾಗಿ ಇಲ್ಲಿ ಲೆಕ್ಕಕ್ಕೆ ಹೆಚ್ಚು ಜಾಗ ಕೊಟ್ಟಿದೆ. ಉದಾಹರಣೆಗೆ ತೆಗೆದುಕೊಂಡಿರುವುದು ರೋಟರಿ ಸ್ಕ್ರೀನಿನಲ್ಲಿ ಅಚ್ಚಾಗುವ ಹೂವಿನ ವಿನ್ಯಾಸ, ತಂತ್ರಾಂಶ ಫೋಟೋಶಾಪ್. ಬೇರೆ ತಂತ್ರಾಂಶಗಳಲ್ಲಿ ಏನು ಬದಲಾಗುತ್ತದೆ ಎಂಬುದನ್ನು ಮುಂದೆ ಹೇಳಿದೆ.

ಮೊದಲು ಯಂತ್ರದ ಅಳತೆ

ರೋಟರಿ ಅಚ್ಚಿನಲ್ಲಿ ಪ್ರತಿ ಬಣ್ಣಕ್ಕೂ ನಿಕ್ಕಲ್ ಜಾಲರಿಯ ಒಂದೊಂದು ಸಿಲಿಂಡರ್ ಇರುತ್ತದೆ. ಸಿಲಿಂಡರ್ ಒಂದು ಸುತ್ತು ತಿರುಗಿದರೆ ಅದರ ಸುತ್ತಳತೆಯಷ್ಟು ಉದ್ದದ ಬಟ್ಟೆ ಅಚ್ಚಾಗುತ್ತದೆ. ಹೆಚ್ಚಾಗಿ ಸಿಗುವ ಸುತ್ತಳತೆ 64 ಸೆಂ.ಮೀ. 91.4 ಮತ್ತು 101.8 ಸೆಂ.ಮೀ.ನ ದೊಡ್ಡ ಸಿಲಿಂಡರ್‌ಗಳೂ ಇವೆ. ಬಟ್ಟೆಯ ಉದ್ದದ ದಿಕ್ಕಿನಲ್ಲಿ ನಿಮ್ಮ ರಿಪೀಟ್ ಈ ಸುತ್ತಳತೆಯೊಳಗೆ ಪೂರ್ಣ ಸಂಖ್ಯೆಯಲ್ಲಿ ಕೂರಲೇಬೇಕು. 64ಕ್ಕೆ ಹೊಂದುವ ಎತ್ತರಗಳು 64, 32, 21.33, 16, 12.8, 10.67, 8 ಸೆಂ.ಮೀ. ನೋಡಲು ಚೆನ್ನಾಗಿದೆ ಎಂದು 30 ಸೆಂ.ಮೀ. ಎತ್ತರದಲ್ಲಿ ಮಾಡಿಟ್ಟರೆ ಅಚ್ಚಿನವರು ಅದನ್ನು 32ಕ್ಕೆ ಹಿಗ್ಗಿಸುತ್ತಾರೆ. ಆಗ ಹೂವು ಸುಮಾರು ಶೇ. 7ರಷ್ಟು ದೊಡ್ಡದಾಗುತ್ತದೆ, ಗೆರೆಗಳ ಅಂಚು ಮಂಜಾಗುತ್ತದೆ.

ಅಗಲದ ದಿಕ್ಕಿನಲ್ಲಿ ಇಷ್ಟು ಬಿಗಿ ಇಲ್ಲ. ಬಟ್ಟೆಯ ಅಂಚಿಗೆ ಬಂದಾಗ ರಿಪೀಟ್ ನಡುವೆ ತುಂಡಾದರೂ ಉಡುಪಿನ ಬಟ್ಟೆಗೆ ತೊಂದರೆಯಾಗುವುದಿಲ್ಲ. ಪರದೆ ಮತ್ತು ಸೋಫಾ ಬಟ್ಟೆಯ ಮಾತು ಬೇರೆ. ಅಲ್ಲಿ ಎರಡು ಪಟ್ಟಿಗಳನ್ನು ಪಕ್ಕಪಕ್ಕ ಹೊಲಿದಾಗ ಚಿತ್ರ ಕೂಡಬೇಕು, ಆದ್ದರಿಂದ ಹೊಲಿಗೆಗೆ ಹೋಗುವ ಅಂಚನ್ನು ಕಳೆದು ಉಳಿದ ಅಗಲದಲ್ಲಿ ಪೂರ್ಣ ಸಂಖ್ಯೆಯ ರಿಪೀಟ್‌ಗಳು ಕೂರುವಂತೆ ನೋಡಿಕೊಳ್ಳಿ.

ಡಿಜಿಟಲ್ ಅಚ್ಚಿಗೆ ಸುತ್ತಳತೆಯ ಕಟ್ಟು ಇಲ್ಲ, ಯಾವ ಎತ್ತರವಾದರೂ ನಡೆಯುತ್ತದೆ. ಆದರೂ 64ರ ಭಾಗಗಳಲ್ಲೇ ಕೆಲಸ ಮಾಡುವುದು ಒಳ್ಳೆಯದು. ಡಿಜಿಟಲ್‌ನಲ್ಲಿ ನಾಲ್ಕು ಮೀಟರ್ ತೆಗೆದು ನೋಡಿದ ವಿನ್ಯಾಸಕ್ಕೆ ದೊಡ್ಡ ಆರ್ಡರ್ ಬಂದು ರೋಟರಿಗೆ ಹೋಗುವುದು ಸಾಮಾನ್ಯ ಸಂಗತಿ. ಆಗ ಮತ್ತೆ ಅಳತೆ ಬದಲಿಸುವ ಕೆಲಸ ತಪ್ಪುತ್ತದೆ.

300 ಬಿಡಿ, 254 ಹಿಡಿಯಿರಿ

ಎಲ್ಲರ ಕೈಗೂ ಮೊದಲು ಬರುವ ರೆಸಲ್ಯೂಷನ್ ಇಂಚಿಗೆ 300 ಪಿಕ್ಸೆಲ್. ಅದರಲ್ಲಿ 32 ಸೆಂ.ಮೀ. ಎಂದರೆ 3779.53 ಪಿಕ್ಸೆಲ್. ಅರ್ಧ ಪಿಕ್ಸೆಲ್ ಎಂಬುದು ಇಲ್ಲವಾದ್ದರಿಂದ ತಂತ್ರಾಂಶ 3780ಕ್ಕೆ ಹೊಂದಿಸಿಕೊಳ್ಳುತ್ತದೆ. ಅಲ್ಲಿಂದ ಮುಂದೆ ನೀವು ಸೆಂ.ಮೀ.ನಲ್ಲಿ ಸರಿಸಿದ್ದೆಲ್ಲ ಪಿಕ್ಸೆಲ್ ಗೆರೆಯಿಂದ ಒಂಚೂರು ಆಚೀಚೆ ಬೀಳುತ್ತದೆ, ಅಂಚುಗಳಲ್ಲಿ ಅರೆಪಾರದರ್ಶಕ ಪಿಕ್ಸೆಲ್‌ಗಳು ಹುಟ್ಟುತ್ತವೆ.

ಇಂಚಿಗೆ 254 ಪಿಕ್ಸೆಲ್ ಇಟ್ಟರೆ ಸೆಂ.ಮೀ.ಗೆ ಸರಿಯಾಗಿ 100, ಮಿ.ಮೀ.ಗೆ 10. 32 ಸೆಂ.ಮೀ. = 3200 ಪಿಕ್ಸೆಲ್, ಅದರ ಅರ್ಧ 1600. ಎಲ್ಲವೂ ಪೂರ್ಣ ಸಂಖ್ಯೆ, ಬಾಯಿಲೆಕ್ಕಕ್ಕೂ ಸಿಗುತ್ತದೆ. ಅಚ್ಚಿನ ಸೂಕ್ಷ್ಮತೆಗೂ ಇಷ್ಟು ಸಾಕು. 125 ಮೆಶ್ ಜಾಲರಿಯಲ್ಲಿ ಇಂಚಿಗೆ 125 ರಂಧ್ರಗಳು, ಅಂದರೆ ಒಂದು ರಂಧ್ರ ಮತ್ತು ಅದರ ಗೋಡೆಗೆ ಸೇರಿ ಸುಮಾರು 0.2 ಮಿ.ಮೀ., ನಮ್ಮ ಫೈಲಿನಲ್ಲಿ 2 ಪಿಕ್ಸೆಲ್. ಒಂದು ಪಿಕ್ಸೆಲ್ ಗೆರೆ ಅಲ್ಲಿ ತುಂಡು ತುಂಡಾಗಿ ಬೀಳುತ್ತದೆ. ಅತಿ ಸಣ್ಣ ಗೆರೆಯೂ 3–4 ಪಿಕ್ಸೆಲ್ ಇರಲಿ.

21.33 ಸೆಂ.ಮೀ. ಎತ್ತರ ಬೇಕಾದಾಗ ಮಾತ್ರ ಪೇಚು: 6400ನ್ನು ಮೂರರಿಂದ ಭಾಗಿಸಿದರೆ 2133.33. ಆಗ ಟೈಲನ್ನು, ಅಂದರೆ ರಿಪೀಟಿನ ಒಂದು ತುಂಡನ್ನು, 2134 ಪಿಕ್ಸೆಲ್ ಎತ್ತರಕ್ಕೆ ಮಾಡಿ. 2134 ಸಮಸಂಖ್ಯೆ, ಅರ್ಧ 1067. ಮೂರು ಸೇರಿದರೆ 6402. ಕೊನೆಯಲ್ಲಿ ಇಮೇಜ್ ಸೈಜ್‌ನಲ್ಲಿ ರೀಸ್ಯಾಂಪಲ್ ಗುರುತು ತೆಗೆದು, ಮೂರೂ ಸೇರಿದ ಎತ್ತರವನ್ನು 64 ಸೆಂ.ಮೀ. ಎಂದು ಬರೆಯಿರಿ. ಪಿಕ್ಸೆಲ್ ಒಂದೂ ಅಲುಗದೆ ರೆಸಲ್ಯೂಷನ್ ಮಾತ್ರ 254.08 ಆಗುತ್ತದೆ. ಹಾಫ್-ಡ್ರಾಪಿಗೆ ಎತ್ತರ ಸಮಸಂಖ್ಯೆಯ ಪಿಕ್ಸೆಲ್‌ನಲ್ಲಿರಬೇಕು ಎಂಬುದೊಂದನ್ನು ಎಂದೂ ಬಿಡಬೇಡಿ.

ಫೈಲ್ ತೆರೆಯುವುದು

ಹೊಸ ಫೈಲ್: ಅಗಲ 3200, ಎತ್ತರ 3200 ಪಿಕ್ಸೆಲ್, ರೆಸಲ್ಯೂಷನ್ ಸೆಂ.ಮೀ.ಗೆ 100. ರೂಲರ್ ಮೇಲೆ ಬಲಕ್ಲಿಕ್ ಮಾಡಿ ಅಳತೆಯನ್ನು ಪಿಕ್ಸೆಲ್‌ಗೆ ಬದಲಿಸಿ. ಸೆಂ.ಮೀ. ಹಾಗೇ ಉಳಿದರೆ ಮುಂದೆ 1600 ಎಂದು ಬರೆದಾಗ ಹೂವು 1600 ಸೆಂ.ಮೀ. ದೂರ ಹೋಗಿ ಕಣ್ಮರೆಯಾಗುತ್ತದೆ. ಪ್ರಿಫರೆನ್ಸಸ್‌ನ ಜನರಲ್ ಪುಟದಲ್ಲಿ ಇಮೇಜ್ ಇಂಟರ್‌ಪೊಲೇಷನ್ ಅನ್ನು ನಿಯರೆಸ್ಟ್ ನೇಬರ್‌ಗೆ ಇಡಿ.

ಬಣ್ಣಗಳನ್ನು ಬಿಡಿಬಿಡಿ ಸ್ಕ್ರೀನ್‌ಗಳಿಗೆ ಒಡೆಯುವುದಿದ್ದರೆ ಬ್ರಷ್ ಬದಲು ಪೆನ್ಸಿಲ್ ಉಪಕರಣ ಹಿಡಿಯಿರಿ, ಸೆಲೆಕ್ಷನ್ ಉಪಕರಣಗಳಲ್ಲಿ ಆ್ಯಂಟಿ-ಏಲಿಯಾಸ್ (ಅಂಚನ್ನು ನಯಗೊಳಿಸುವ ಆಯ್ಕೆ) ಗುರುತು ತೆಗೆಯಿರಿ, ಫೆದರ್ ಸೊನ್ನೆ ಇರಲಿ. ಆ್ಯಂಟಿ-ಏಲಿಯಾಸ್ ಇದ್ದರೆ ಕೆಂಪು ಮತ್ತು ಬಿಳಿಯ ನಡುವೆ ಹತ್ತಾರು ಗುಲಾಬಿ ಛಾಯೆಗಳು ಸೇರಿಕೊಳ್ಳುತ್ತವೆ. ಆರು ಬಣ್ಣದ ವಿನ್ಯಾಸ ಎಣಿಸಿದಾಗ ಇನ್ನೂರು ಬಣ್ಣ ತೋರಿಸುವುದು ಇದರಿಂದಲೇ.

ಆರು ನೆರೆಗಳು

ಹಾಫ್-ಡ್ರಾಪ್‌ನಲ್ಲಿ ಪ್ರತಿ ಕಂಬಸಾಲು ತನ್ನ ಪಕ್ಕದ್ದಕ್ಕಿಂತ ಅರ್ಧ ಎತ್ತರ ಕೆಳಗೆ ಇಳಿದಿರುತ್ತದೆ. ನೇರ ರಿಪೀಟ್‌ನಲ್ಲಿ ಹೂವುಗಳು ಅಡ್ಡಸಾಲಿನಲ್ಲಿ ನಿಂತು ಬಟ್ಟೆಗೆ ಅಡ್ಡಪಟ್ಟೆ ಬಂದಂತೆ ಕಾಣುವ ದೋಷ ಇದರಲ್ಲಿ ಬಹಳ ಮಟ್ಟಿಗೆ ಮರೆಯಾಗುತ್ತದೆ. ರಿಪೀಟ್ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂಬುದೂ ಕಣ್ಣಿಗೆ ಬೇಗ ಸಿಗುವುದಿಲ್ಲ.

ಈ ಜೋಡಣೆಯಲ್ಲಿ ಒಂದು ಟೈಲಿಗೆ ಆರು ನೆರೆ: ಮೇಲೊಂದು, ಕೆಳಗೊಂದು, ಎಡಕ್ಕೆರಡು, ಬಲಕ್ಕೆರಡು. ಟೈಲಿನ ಅಂಚು ದಾಟಿದ ಯಾವುದೇ ಹೂವಿನ ಪ್ರತಿಯನ್ನು ಈ ಆರು ಕಡೆಗೂ ಸರಿಸಿಟ್ಟರೆ ಬೇಕಾದ ಚೂರು ತಾನಾಗಿ ಒಳಗೆ ಬೀಳುತ್ತದೆ, ಬೇಡದ್ದು ಹೊರಗುಳಿಯುತ್ತದೆ. ನಮ್ಮ ಅಳತೆಗೆ ಸರಿಸುವ ದೂರಗಳು, ಅಂದರೆ ಸರಿತಗಳು, ಹೀಗೆ (ಮೊದಲನೆಯದು ಅಡ್ಡ, ಎರಡನೆಯದು ಲಂಬ, ಬಲಕ್ಕೆ ಮತ್ತು ಕೆಳಕ್ಕೆ ಪ್ಲಸ್):

0, +3200
0, −3200
+3200, +1600
+3200, −1600
−3200, +1600
−3200, −1600

ಫೋಟೋಶಾಪ್‌ನಲ್ಲಿ ಹೂವಿನ ಪದರವನ್ನು ಕಂಟ್ರೋಲ್ + ಜೆ ಒತ್ತಿ ನಕಲು ಮಾಡಿ, ಕಂಟ್ರೋಲ್ + ಟಿ ಒತ್ತಿ, ಮೇಲಿನ ಪಟ್ಟಿಯಲ್ಲಿ ಎಕ್ಸ್ ಮತ್ತು ವೈ ನಡುವಿನ ತ್ರಿಕೋನದ ಗುಂಡಿ ಒತ್ತಿ. ಆಗ ಎರಡೂ ಸೊನ್ನೆಯಿಂದ ಶುರುವಾಗುತ್ತವೆ, ಮೇಲಿನ ಅಂಕಿಗಳನ್ನು ಬರೆದು ಎಂಟರ್ ಕೊಡಿ. ಮೌಸ್‌ನಿಂದ ಎಳೆದು ಕೂಡಿಸಲು ಹೋಗಬೇಡಿ. ಪರದೆಯ ಮೇಲೆ ಸರಿಯಾಗಿ ಕಂಡದ್ದು ಒಂದೆರಡು ಪಿಕ್ಸೆಲ್ ತಪ್ಪಿರುತ್ತದೆ, ಬಟ್ಟೆಯಲ್ಲಿ ಎಲೆಯ ತೊಟ್ಟು ಮುರಿದಂತೆ ಕಾಣುತ್ತದೆ. ಆರೂ ಸರಿತಗಳನ್ನು ಒಮ್ಮೆ ಆ್ಯಕ್ಷನ್ ಆಗಿ ರೆಕಾರ್ಡ್ ಮಾಡಿಟ್ಟರೆ ಮುಂದಿನ ಪ್ರತಿ ಹೂವಿಗೂ ಒಂದೇ ಒತ್ತು. ನಕಲು ಮಾಡುವ ಮೊದಲು ಹೂವನ್ನು ಸ್ಮಾರ್ಟ್ ಆಬ್ಜೆಕ್ಟ್ ಮಾಡಿಕೊಂಡರೆ ಇನ್ನೂ ಅನುಕೂಲ, ಒಂದರ ಬಣ್ಣ ತಿದ್ದಿದರೆ ಏಳೂ ತಿದ್ದುತ್ತವೆ.

ಕೂಡುಗೆರೆಯನ್ನು ನಡುವಿಗೆ ತರುವುದು

ದೊಡ್ಡ ಹೂವುಗಳು ಕೂತ ಮೇಲೆ ಅಂಚುಗಳ ಸುತ್ತ ಖಾಲಿ ಜಾಗ ಉಳಿಯುತ್ತದೆ. ಅಂಚನ್ನು ಫೈಲಿನ ನಡುವಿಗೆ ತಂದುಕೊಂಡು ತುಂಬುವುದೇ ಸರಿಯಾದ ದಾರಿ. ಇದಕ್ಕೆ ಮೊದಲು ಒಂದು ಪ್ರತಿ ಉಳಿಸಿಕೊಂಡು ಪದರಗಳನ್ನು ಒಂದುಗೂಡಿಸಿ. ನಂತರ ಸೆಲೆಕ್ಟ್ ಆಲ್ ಮಾಡಿ ಇಮೇಜ್ ಮೆನುವಿನ ಕ್ರಾಪ್ ಕೊಡಿ. ಕ್ಯಾನ್ವಾಸಿನ ಆಚೆ ಉಳಿದ ತುಣುಕುಗಳನ್ನು ಕತ್ತರಿಸದೆ ಮುಂದುವರಿದರೆ ಅವು ಎಲ್ಲೆಲ್ಲೋ ಬಂದು ಕೂರುತ್ತವೆ.

ಮೇಲು-ಕೆಳಗಿನ ಅಂಚು ಸುಲಭ. ಫಿಲ್ಟರ್ > ಅದರ್ > ಆಫ್‌ಸೆಟ್, ಹಾರಿಜಾಂಟಲ್ 0, ವರ್ಟಿಕಲ್ 1600, ರ‍್ಯಾಪ್ ಅರೌಂಡ್. ಅಡ್ಡ ಕೂಡುಗೆರೆ ಫೈಲಿನ ನಡುವೆ ಬರುತ್ತದೆ, ತುಂಬಿ.

ಎಡ-ಬಲದ ಅಂಚಿನಲ್ಲಿ ಬಹಳ ಮಂದಿ ಎಡವುತ್ತಾರೆ. ಅಲ್ಲಿಯೂ ಆಫ್‌ಸೆಟ್‌ನಲ್ಲಿ ಹಾರಿಜಾಂಟಲ್ 1600 ಕೊಟ್ಟು ತುಂಬಿದರೆ ನೇರ ರಿಪೀಟ್‌ಗೆ ಹೊಂದುವ ಟೈಲ್ ಆಗಿಬಿಡುತ್ತದೆ, ಹಾಫ್-ಡ್ರಾಪ್ ಒಡೆಯುತ್ತದೆ. ಮಾಡಬೇಕಾದ್ದು ಇಷ್ಟು:

1. ಎಡ ಅರ್ಧವನ್ನು (1600 × 3200) ಸೆಲೆಕ್ಟ್ ಮಾಡಿ ಕತ್ತರಿಸಿ ಬೇರೆ ಪದರಕ್ಕೆ ತನ್ನಿ. ಲೇಯರ್ > ನ್ಯೂ > ಲೇಯರ್ ವಯಾ ಕಟ್.
2. ಸೆಲೆಕ್ಷನ್ ಇಲ್ಲದೆ, ಆ ಪದರಕ್ಕೆ ಮಾತ್ರ ಆಫ್‌ಸೆಟ್ ಕೊಡಿ: ಹಾರಿಜಾಂಟಲ್ 0, ವರ್ಟಿಕಲ್ 1600, ರ‍್ಯಾಪ್ ಅರೌಂಡ್.
3. ಅದನ್ನು +1600, 0 ಸರಿಸಿ. ಉಳಿದ ಬಲ ಅರ್ಧವನ್ನು −1600, 0 ಸರಿಸಿ.
4. ಎರಡನ್ನೂ ಒಂದುಗೂಡಿಸಿ.

ಈಗ ನಡುವಿನ ಲಂಬಗೆರೆಯಲ್ಲಿ ಕಾಣುವುದು ನಿಜವಾದ ಹಾಫ್-ಡ್ರಾಪ್ ಕೂಡುಗೆರೆ. ಎಲೆ, ಮೊಗ್ಗು, ಚುಕ್ಕಿ ಹಾಕಿ ತುಂಬಿ. ಟೈಲಿನ ಹೊರ ಅಂಚುಗಳನ್ನು ಮಾತ್ರ ಈ ಹಂತದಲ್ಲಿ ಮುಟ್ಟಬೇಡಿ. ಹೊಸ ಟೈಲನ್ನು ಹಳೆಯ ಸ್ಥಾನಕ್ಕೆ ತಿರುಗಿಸುವ ಅಗತ್ಯವಿಲ್ಲ, ಅದೂ ಅದೇ ವಿನ್ಯಾಸದ ಸರಿಯಾದ ಟೈಲೇ.

ಆಯತದ ಟೈಲ್

ಪ್ಯಾಟರ್ನ್ ಆಗಿ ತುಂಬಲು, ಅಚ್ಚಿನವರಿಗೆ ಕಳಿಸಲು ಹಾಫ್-ಡ್ರಾಪನ್ನು ನೇರವಾಗಿ ಕೂಡುವ ಆಯತವಾಗಿ ಮಾಡಬೇಕು. ಅದರ ಅಳತೆ ಎರಡು ಅಗಲ, ಒಂದು ಎತ್ತರ: 6400 × 3200. ಟೈಲಿನ ಪದರವನ್ನು ನಕಲು ಮಾಡಿ, ನಕಲಿಗೆ ವರ್ಟಿಕಲ್ 1600 ಆಫ್‌ಸೆಟ್ ಕೊಡಿ. ಕ್ಯಾನ್ವಾಸ್ ಸೈಜ್‌ನಲ್ಲಿ ಅಗಲವನ್ನು 6400 ಮಾಡಿ, ಆ್ಯಂಕರ್ ಎಡಕ್ಕಿರಲಿ. ನಕಲನ್ನು +3200 ಸರಿಸಿ. ಸೆಲೆಕ್ಟ್ ಆಲ್, ಎಡಿಟ್ > ಡಿಫೈನ್ ಪ್ಯಾಟರ್ನ್.

ಈ ಪ್ಯಾಟರ್ನನ್ನು ದೊಡ್ಡ ಫೈಲಿನಲ್ಲಿ ತುಂಬಿ ನೋಡಿ, ಸ್ಕೇಲ್ 100 ಇರಲಿ. ಮೊದಲು 100 ಶೇಕಡಾ ಝೂಮ್‌ನಲ್ಲಿ ಕೂಡುಗೆರೆಗಳ ಉದ್ದಕ್ಕೂ ಸಾಗಿ. ಆಮೇಲೆ ಪೂರ್ತಿ ಚಿಕ್ಕದಾಗಿಸಿ, ಕಣ್ಣು ಕಿರಿದು ಮಾಡಿ ನೋಡಿ. ಓರೆಸಾಲು, ಖಾಲಿ ಓಣಿ, ಒಂದೇ ಕಡೆ ಗುಂಪಾದ ಗಾಢ ಬಣ್ಣ ಆಗ ಮಾತ್ರ ಎದ್ದು ಕಾಣುತ್ತವೆ. ಗಾಢ ಬಣ್ಣದ ಒಂದೆರಡು ಎಲೆಗಳನ್ನು ಜಾಗ ಬದಲಿಸಿದರೆ ಅರ್ಧ ದೋಷ ಹೋಗುತ್ತದೆ. ಸಾಧ್ಯವಾದರೆ ನಿಜ ಅಳತೆಯಲ್ಲಿ ಕಾಗದದ ಮೇಲೆ ಮುದ್ರಿಸಿ ಗೋಡೆಗೆ ಅಂಟಿಸಿ ಎರಡು ಮೀಟರ್ ದೂರದಿಂದ ನೋಡಿ. ಫೋಟೋಶಾಪ್‌ನ ಪ್ಯಾಟರ್ನ್ ಪ್ರಿವ್ಯೂ ನೇರ ಜೋಡಣೆಯನ್ನು ಮಾತ್ರ ತೋರಿಸುತ್ತದೆ, ಆದ್ದರಿಂದ ಅದನ್ನು 6400 × 3200 ಆಯತದ ಮೇಲೆ ಬಳಸಿ, ಒಂಟಿ ಟೈಲಿನ ಮೇಲಲ್ಲ.

ಸಣ್ಣ ಬುಟ್ಟಾಗಳನ್ನು ಚದುರಿಸಿದಂತೆ ನೇರ ರಿಪೀಟ್‌ನಲ್ಲೇ ಇಡಬೇಕಾದರೆ ನೇಯ್ಗೆಯ ಸ್ಯಾಟೀನ್ ಲೆಕ್ಕವನ್ನು ಎರವಲು ಪಡೆಯಬಹುದು. ಟೈಲನ್ನು 5 × 5 ಮನೆಗಳಾಗಿ ಮಾಡಿ (3200 ಆದರೆ ಮನೆಗೆ 640 ಪಿಕ್ಸೆಲ್). ಐದು ಕಂಬಗಳಲ್ಲಿ ಕ್ರಮವಾಗಿ 1, 3, 5, 2, 4ನೇ ಮನೆಗೆ ಒಂದೊಂದು ಬುಟ್ಟಾ ಇಡಿ. ಯಾವ ಅಡ್ಡಸಾಲಿನಲ್ಲೂ ಯಾವ ಕಂಬದಲ್ಲೂ ಎರಡು ಬೀಳುವುದಿಲ್ಲ. ಐದನ್ನೂ ಬೇರೆ ಬೇರೆ ದಿಕ್ಕಿಗೆ ತಿರುಗಿಸಿ. ಎಲ್ಲ ಹೂವೂ ತಲೆ ಮೇಲಾಗಿ ನಿಂತ ಬಟ್ಟೆಯನ್ನು ಕತ್ತರಿಸುವಾಗ ಎಲ್ಲ ತುಂಡನ್ನೂ ಒಂದೇ ದಿಕ್ಕಿಗೆ ಹಾಸಬೇಕಾಗಿ ಬಟ್ಟೆ ಹೆಚ್ಚು ಹೋಗುತ್ತದೆ. ಎರಡೂ ದಿಕ್ಕಿಗೆ ಹೊಂದುವ ವಿನ್ಯಾಸವನ್ನು ಗಾರ್ಮೆಂಟ್‌ನವರು ಇಷ್ಟಪಡುವುದು ಅದಕ್ಕೇ.

ಗೆರೆ ಹುಟ್ಟುವ ಮೂರು ಜಾಗ

ಟೈಲ್ ಮುಗಿದ ಮೇಲೆ ಅಳತೆ ಬದಲಿಸುವುದು, ಬ್ಲರ್ ಅಥವಾ ಶಾರ್ಪನ್ ಕೊಡುವುದು ಮೊದಲನೆಯ ಕಾರಣ. ಇವೆಲ್ಲ ಪ್ರತಿ ಪಿಕ್ಸೆಲ್‌ನ ಅಕ್ಕಪಕ್ಕ ನೋಡಿ ಲೆಕ್ಕ ಹಾಕುತ್ತವೆ. ಅಂಚಿನ ಪಿಕ್ಸೆಲ್‌ಗೆ ಆಚೆಬದಿಯ ನೆರೆ ಕಾಣದ್ದರಿಂದ ಲೆಕ್ಕ ಬೇರೆಯಾಗುತ್ತದೆ, ಅಂಚಿನುದ್ದಕ್ಕೂ ತೆಳು ಗೆರೆ ಮೂಡುತ್ತದೆ. ಆಯತದ ಟೈಲನ್ನು ಅಡ್ಡ ಮೂರು, ಉದ್ದ ಮೂರು ಸೇರಿಸಿ ಒಂಬತ್ತು ಮಾಡಿ, ಫಿಲ್ಟರ್ ಕೊಟ್ಟು, ನಡುವಿನದನ್ನು ಮಾತ್ರ ಕತ್ತರಿಸಿಕೊಳ್ಳಿ. ಹೊಸ ಅಳತೆಯಲ್ಲೂ ಟೈಲ್ ಪೂರ್ಣ ಪಿಕ್ಸೆಲ್‌ನಲ್ಲಿ ಬರುವಂತೆ ಶೇಕಡಾವಾರನ್ನು ಆರಿಸಿ.

ಎರಡನೆಯದು ಓರೆಗೆರೆಗಳು. 45 ಡಿಗ್ರಿಯ ಪಟ್ಟೆಗಳನ್ನು 128 ಪಿಕ್ಸೆಲ್ ಲಂಬ ಅಂತರದಲ್ಲಿ ಹಾಕಿದರೆ 3200ರಲ್ಲಿ 25 ಸರಿಯಾಗಿ ಕೂರುತ್ತವೆ, ನೇರ ರಿಪೀಟ್‌ಗೆ ತೊಂದರೆಯಿಲ್ಲ. ಹಾಫ್-ಡ್ರಾಪ್‌ನ 1600ರಲ್ಲಿ ಮಾತ್ರ ಅವು 12.5 ಆಗಿ ಕೂಡುಗೆರೆಯಲ್ಲಿ ಪಟ್ಟೆ ಅರ್ಧ ಅಂತರ ತಪ್ಪುತ್ತದೆ. 160 ಪಿಕ್ಸೆಲ್ ಅಂತರ ಇಟ್ಟರೆ 20 ಮತ್ತು 10, ಎರಡಕ್ಕೂ ಹೊಂದುತ್ತದೆ. ಅಂತರ ಯಾವುದೇ ಇರಲಿ, ಅದು ಅರ್ಧ ಎತ್ತರವನ್ನು ಭಾಗಿಸುತ್ತದೆಯೇ ನೋಡಿ. ಮುಗಿದ ಟೈಲನ್ನು ಇಡಿಯಾಗಿ ಓರೆ ತಿರುಗಿಸುವುದಂತೂ ಆಗದ ಮಾತು. ತಿರುಗಿಸುವುದಿದ್ದರೆ ಹೂವುಗಳನ್ನೇ ಒಂದೊಂದಾಗಿ ತಿರುಗಿಸಿ.

ಮೂರನೆಯದು ಜೆಪೆಗ್. ಅದು ಚಿತ್ರವನ್ನು 8 × 8 ಪಿಕ್ಸೆಲ್ ತುಂಡುಗಳಾಗಿ ಒತ್ತಿ ಉಳಿಸುತ್ತದೆ. ಚಪ್ಪಟೆ ಬಣ್ಣದ ಅಂಚುಗಳ ಸುತ್ತ ಧೂಳಿನಂಥ ಚುಕ್ಕೆಗಳು ಬಂದು ಬಣ್ಣ ಬೇರ್ಪಡಿಸುವಾಗ ಕಾಟ ಕೊಡುತ್ತವೆ. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಅಳತೆಯೂ ಕುಗ್ಗುತ್ತದೆ. ಟಿಫ್ ಆಗಿ ಉಳಿಸಿ, ಡಾಕ್ಯುಮೆಂಟ್ ಆಗಿ ಇಲ್ಲವೇ ಡ್ರೈವ್ ಕೊಂಡಿಯಾಗಿ ಕಳಿಸಿ.

ಬೇರೆ ತಂತ್ರಾಂಶಗಳಲ್ಲಿ

ಇಲಸ್ಟ್ರೇಟರ್‌ನಲ್ಲಿ ಈ ಕೆಲಸ ಹಗುರ. ಆಬ್ಜೆಕ್ಟ್ > ಪ್ಯಾಟರ್ನ್ > ಮೇಕ್ ತೆರೆದು, ಟೈಲ್ ಟೈಪ್‌ನಲ್ಲಿ ಬ್ರಿಕ್ ಬೈ ಕಾಲಂ, ಬ್ರಿಕ್ ಆಫ್‌ಸೆಟ್ 1/2 ಆರಿಸಿ. ಬ್ರಿಕ್ ಬೈ ರೋ ಆರಿಸಿದರೆ ಅಡ್ಡಸಾಲು ಸರಿಯುತ್ತದೆ, ಅದು ಹಾಫ್-ಡ್ರಾಪ್ ಅಲ್ಲ. ಸೈಜ್ ಟೈಲ್ ಟು ಆರ್ಟ್ ಗುರುತು ತೆಗೆದು ಅಗಲ-ಎತ್ತರವನ್ನು ನೀವೇ ಬರೆಯಿರಿ. ನೋಡುವಾಗ ಟೈಲ್‌ಗಳ ನಡುವೆ ಬಿಳಿ ಕೂದಲಗೆರೆ ಕಂಡು ಝೂಮ್ ಬದಲಿಸಿದಾಗ ಮಾಯವಾದರೆ ಅದು ಪರದೆಯ ಭ್ರಮೆ, ಫೈಲಿನ ದೋಷವಲ್ಲ. ಹೊರತೆಗೆಯಲು ಎರಡು ಅಗಲ, ಒಂದು ಎತ್ತರದ ಆಯತಕ್ಕೆ ಪ್ಯಾಟರ್ನ್ ತುಂಬಿ, ಅದೇ ಅಳತೆಯ ಆರ್ಟ್‌ಬೋರ್ಡ್ ಇಟ್ಟು ಎಕ್ಸ್‌ಪೋರ್ಟ್ ಮಾಡಿ. ಆ ಅಳತೆಯ ಕಿಟಕಿ ವಿನ್ಯಾಸದ ಎಲ್ಲಿಂದ ಶುರುವಾದರೂ ಸರಿಯಾಗಿ ಕೂಡುತ್ತದೆ.

ಜಿಂಪ್‌ನಲ್ಲಿ ಲೇಯರ್ > ಟ್ರಾನ್ಸ್‌ಫಾರ್ಮ್ > ಆಫ್‌ಸೆಟ್ ಇದೆ, ಮೇಲಿನ ಹಂತಗಳೆಲ್ಲ ಅದರಲ್ಲೂ ನಡೆಯುತ್ತವೆ. ಕ್ರಿಟಾದಲ್ಲಿ ಡಬ್ಲ್ಯೂ ಒತ್ತಿದರೆ ಟೈಲ್ ಸುತ್ತಲೂ ಹರಡಿಕೊಂಡು, ಬಿಡಿಸುತ್ತಿರುವಾಗಲೇ ರಿಪೀಟ್ ಕಾಣುತ್ತದೆ. ನೇರ ರಿಪೀಟ್‌ಗೆ ಇದರಷ್ಟು ಹಿತವಾದ ಸಾಧನ ಇನ್ನೊಂದಿಲ್ಲ. ಇಂಕ್‌ಸ್ಕೇಪ್‌ನಲ್ಲಿ ಎಡಿಟ್ > ಕ್ಲೋನ್ > ಕ್ರಿಯೇಟ್ ಟೈಲ್ಡ್ ಕ್ಲೋನ್ಸ್ ತೆರೆದು, ಶಿಫ್ಟ್ ಪುಟದಲ್ಲಿ ವೈ ಸರಿತಕ್ಕೆ ಕಾಲಂಗೆ 50 ಶೇಕಡಾ ಬರೆದು ಆಲ್ಟರ್ನೇಟ್ ಗುರುತು ಹಾಕಿ.

ಮಗ್ಗಕ್ಕಾದರೆ

ಜಕಾರ್ಡ್‌ನಲ್ಲಿ, ಅಂದರೆ ಹಾಸಿನ ಎಳೆಗಳನ್ನು ಹುಕ್ಕುಗಳಿಂದ ಎತ್ತಿ ಚಿತ್ರ ನೇಯುವ ಸಾಧನದಲ್ಲಿ, ಸೆಂ.ಮೀ. ಲೆಕ್ಕ ನಡೆಯುವುದಿಲ್ಲ. ಅಡ್ಡಕ್ಕೆ ಒಂದು ಪಿಕ್ಸೆಲ್ ಎಂದರೆ ಹಾಸಿನ ಒಂದು ಎಳೆ, ಲಂಬಕ್ಕೆ ಒಂದು ಪಿಕ್ಸೆಲ್ ಎಂದರೆ ಹೊಕ್ಕಿನ ಒಂದು ಎಳೆ. ಒಂದು ಹುಕ್ಕಿಗೆ ಒಂದು ಎಳೆಯಂತೆ 240 ಹುಕ್ಕಿನ ಜಕಾರ್ಡ್ ಇದ್ದರೆ ರಿಪೀಟ್ 240, 120, 80, 60 ಹೀಗೆ ಕೂರಬೇಕು. ಇಂಚಿಗೆ 80 ಹಾಸು, 60 ಹೊಕ್ಕು ಇರುವ ಬಟ್ಟೆಯಲ್ಲಿ 3 ಇಂಚಿನ ವೃತ್ತಕ್ಕೆ 240 × 180 ಪಿಕ್ಸೆಲ್ ಬೇಕು. ಪರದೆಯಲ್ಲಿ ಅದು ಅಡ್ಡಕ್ಕೆ ಹಿಗ್ಗಿದಂತೆ ಕಾಣುತ್ತದೆ. ಗಾಬರಿಯಿಂದ ತಿದ್ದಬೇಡಿ, ವ್ಯೂ ಮೆನುವಿನಲ್ಲಿ ಪಿಕ್ಸೆಲ್ ಆ್ಯಸ್ಪೆಕ್ಟ್ ರೇಷಿಯೋ 0.75 ಎಂದು ಕೊಟ್ಟರೆ ದುಂಡಗೆ ಕಾಣುತ್ತದೆ. ನೆಲಕ್ಕೆ 8 ಎಳೆಯ ಸ್ಯಾಟೀನ್ ತುಂಬುವುದಿದ್ದರೆ 180 ಎಂಟರಿಂದ ಭಾಗವಾಗದು, 184 ಮಾಡಿ. ಇಲ್ಲವಾದರೆ ಪ್ರತಿ ಕೂಡಿಕೆಯಲ್ಲೂ ನೇಯ್ಗೆ ಒಡೆದು ಅಡ್ಡಗೆರೆ ಬರುತ್ತದೆ. ಹಾಫ್-ಡ್ರಾಪ್‌ನ ಆಯತ ಸಿದ್ಧವಾದ ಮೇಲೆಯೇ ನೇಯ್ಗೆ ತುಂಬಿ, ಮೊದಲೇ ತುಂಬಿ ಸರಿಸಬೇಡಿ.

ಕಳಿಸುವಾಗ, ಸ್ಯಾಂಪಲ್ ಬಂದಾಗ

ಬಣ್ಣಗಳ ನಡುವೆ ಬಿಳಿ ಸಂದು ಬರದಂತೆ ತಿಳಿಬಣ್ಣವನ್ನು ಗಾಢ ಬಣ್ಣದ ಕೆಳಗೆ 2–3 ಪಿಕ್ಸೆಲ್ ಹಬ್ಬಿಸುವುದು ವಾಡಿಕೆ. ಎಷ್ಟು ಬೇಕು, ಯಾರು ಮಾಡಬೇಕು ಎಂಬುದನ್ನು ಅಚ್ಚಿನವರನ್ನು ಕೇಳಿಯೇ ಮಾಡಿ. ಎರಡು ಕಡೆಯೂ ಮಾಡಿದರೆ ಸಣ್ಣ ಗೆರೆಗಳು ದಪ್ಪವಾಗುತ್ತವೆ. ಹಬ್ಬಿಸಿದಾಗಲೂ ಅಂಚುಗಳಲ್ಲಿ ಮೊದಲಿನ ತೊಂದರೆಯೇ, ಒಂಬತ್ತು ಟೈಲ್ ಮಾಡಿ ನಡುವಿನದನ್ನು ತೆಗೆದುಕೊಳ್ಳಿ.

ಫೈಲಿನ ಜೊತೆ ಬರೆದು ಕಳಿಸಬೇಕಾದ್ದು: ಆಯತದ ಅಳತೆ ಸೆಂ.ಮೀ. ಮತ್ತು ಪಿಕ್ಸೆಲ್ ಎರಡರಲ್ಲೂ, ಯಾವ ದಿಕ್ಕು ಬಟ್ಟೆಯ ಉದ್ದ, ಬಣ್ಣಗಳ ಸಂಖ್ಯೆ, ಮತ್ತು "ಹಾಫ್-ಡ್ರಾಪ್ ಈಗಾಗಲೇ ಕೂಡಿಸಿದೆ, ನೇರವಾಗಿ ರಿಪೀಟ್ ಮಾಡಿ" ಎಂಬ ಸಾಲು. ಈ ಸಾಲು ಇಲ್ಲದಿದ್ದರೆ ಡಿಜಿಟಲ್ ಯಂತ್ರದ ರಿಪ್‌ನಲ್ಲಿ (ಫೈಲನ್ನು ಅಚ್ಚಿಗೆ ಸಿದ್ಧಪಡಿಸುವ ತಂತ್ರಾಂಶ) ಆಪರೇಟರ್ ಮತ್ತೊಮ್ಮೆ ಹಾಫ್-ಡ್ರಾಪ್ ಆರಿಸಿ, ಕೂಡಿದ್ದ ವಿನ್ಯಾಸ ಪ್ರತಿ 64 ಸೆಂ.ಮೀ. ಅಗಲಕ್ಕೊಮ್ಮೆ ಒಡೆಯುತ್ತದೆ.

ಸ್ಯಾಂಪಲ್ ತುಂಡು ಕನಿಷ್ಠ ಎರಡು ಮೀಟರ್ ಕೇಳಿ. ಅಡ್ಡಗೆರೆ ಕಂಡರೆ ಅದು ಬಟ್ಟೆಯ ಉದ್ದಕ್ಕೆ ಎಷ್ಟು ದೂರಕ್ಕೊಮ್ಮೆ ಬರುತ್ತದೆ ಎಂದು ಟೇಪ್ ಹಿಡಿದು ಅಳೆಯಿರಿ. ಪ್ರತಿ 32 ಸೆಂ.ಮೀ.ಗೆ ಬಂದರೆ ದೋಷ ನಿಮ್ಮ ಟೈಲಿನಲ್ಲಿದೆ. 64 ಸೆಂ.ಮೀ.ಗೊಮ್ಮೆ ಮಾತ್ರ ಬಂದರೆ ಸಿಲಿಂಡರ್‌ನಲ್ಲಿ ಚಿತ್ರದ ಎರಡು ತುದಿ ಕೂಡುವ ಜಾಗ ಸರಿಯಿಲ್ಲ, ಸಿಲಿಂಡರ್ ಮೇಲೆ ಚಿತ್ರ ಮೂಡಿಸುವ ಎನ್‌ಗ್ರೇವಿಂಗ್‌ನವರಿಗೆ ತೋರಿಸಿ. ದೂರಕ್ಕೆ ಲೆಕ್ಕವೇ ಇಲ್ಲದೆ ಬಂದರೆ ಫೈಲನ್ನೂ ಸ್ಕ್ರೀನನ್ನೂ ಬಿಟ್ಟು ಯಂತ್ರದಲ್ಲಿ ಬಟ್ಟೆಯ ಓಟವನ್ನು ನೋಡಲು ಹೇಳಿ.